ಗಿರಣಿಗೆ ಹುಣಸೆಹಿಟ್ಟು ಕೊಟ್ಟ ಕಾಲ

ನನ್ನ ಅತ್ತೆಯ ತವರು ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿ. ಅವರ ಅಪ್ಪ, ಅಣ್ಣಂದಿರು ಕಂಬಳಿ ನೇಯುತ್ತಿದ್ದರು. ಮಗ್ಗಕ್ಕೆ ಹಾಸಿದ ಎಳೆ ಹರಿಯಬಾರದೆಂದು ಕಂಬಳಿ ನೇಯುವವರು ಅದಕ್ಕೆ ಹುಣಸೆ ಬೀಜದ ಸರಿ ಹಚ್ಚುತ್ತಾರೆ. ಬೀಜ ಹುರಿದು, ಕುಟ್ಟಿ, ನೀರಲ್ಲಿ ಕಾಸಿದರೆ ಅಂಟಂಟಾದ ಗಂಜಿ ಆಗುತ್ತದೆ. ಅದನ್ನು ಕಾಸುವುದು ಹುಡುಗಿಯಾಗಿದ್ದಾಗ ಅತ್ತೆಯ ಪಾಲಿನ ಕೆಲಸವಾಗಿತ್ತಂತೆ. ನಾನು ಮದುವೆಯಾಗಿ ಹುಬ್ಬಳ್ಳಿಗೆ ಬರುವ ಹೊತ್ತಿಗೆ ಅವರು ಅದನ್ನೆಲ್ಲ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಮಾವ ತೀರಿಕೊಂಡಿದ್ದರು. ನನ್ನ ಗಂಡ ಊರ ಹೊರಗಿನ ಒಂದು ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದರು. ಗಿರಣಿಯ ಹಿಂದಿನ ಓಣಿಯಲ್ಲಿ ನಮ್ಮದು ಎರಡು ಖೋಲಿಯ ಮನೆ. ಈಗ ಆ ಗಿರಣಿಯೂ ಇಲ್ಲ, ಓಣಿಯೂ ಇಲ್ಲ.

ಎರಡನೆಯ ಮಹಾಯುದ್ಧ ನಡೆದಿತ್ತು. ಒಂದು ದಿನ ಉಣ್ಣುತ್ತ ಕುಳಿತಾಗ ಗಂಡ ಹೇಳಿದರು: "ನೂಲಿಗೆ ಹಾಕೋ ವಿಲಾಯತಿ ಗಂಜಿಪುಡಿ ಬರೂದು ನಿಂತೈತಿ. ಗೋದಿ ಹಿಟ್ಟು ಹಾಕೋಣಂದ್ರ ತಿನ್ನಾಕ ಸಿಗವಲ್ದು. ಊರಾಗ ಯಾರ ಕಡೆ ಏನೈತಿ, ನಮೂನಿ ತರ್ರಿ ಅಂತ ಸ್ಟೋರ್ ಸಾಹೇಬ್ರು ಹೇಳಾಕತ್ತಾರ."

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಹುಣಸಿಬೀಜದ್ದು ನಡೀತೈತೇನು ಕೇಳಪಾ."

ಮರುದಿನ ಗಂಡ ಕೇಳಿ ಬಂದರು. ತಂದು ತೋರಿಸಲಿ ಅಂದಿದ್ದರಂತೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಮುಸಲ್ಮಾನ ಹೆಂಗಸು ಇದ್ದಳು. ಓಣಿಯವರೆಲ್ಲ ಅವಳನ್ನು ಖಾಲಾ ಎಂದೇ ಕರೆಯುತ್ತಿದ್ದರು. ಅವಳ ಗಂಡ ಟಾಂಗಾ ಗಾಲಿಗಳ ದುರಸ್ತಿ ಮಾಡುತ್ತಿದ್ದ. ಕೆಲಸ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಬೀಜ ಕುಟ್ಟಲು ಅತ್ತೆ ಅವಳನ್ನು ಕರೆದರು. ಅತ್ತೆ ಹಂಚಿನ ಮೇಲೆ ಹುರಿದರು, ಖಾಲಾ ಒರಳಲ್ಲಿ ಕುಟ್ಟಿ ಕೆಂಪು ಸಿಪ್ಪೆ ಬಿಡಿಸಿದಳು, ನಾನು ಬೀಸುಕಲ್ಲಿಗೆ ಕುಳಿತೆ. ಹುಣಸೆ ಬೀಜ ಜೋಳದ ಹಾಗಲ್ಲ. ಕಲ್ಲನ್ನು ಎರಡು ಕೈಯಿಂದ ಹಿಡಿದು ತಿರುಗಿಸಿದರೂ ಅದು ಒಳಗೆ ಮೊಂಡು ಹಿಡಿದು ನಿಲ್ಲುತ್ತಿತ್ತು. ರಟ್ಟೆಯ ನೋವಿಗೆ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ನಮೂನೆ ಕೊಡುವ ದಿನ ಅತ್ತೆಯ ಜೊತೆ ನಾನೂ ಹೋದೆ. ಗಿರಣಿಗೆ ಸಾಮಾನು ಕೊಳ್ಳುವ ಸ್ಟೋರಿನ ಪಡಸಾಲೆಯಲ್ಲಿ ಬೇರೆಯವರೂ ಇದ್ದರು. ಒಬ್ಬ ಕಿರಾಣಿ ವ್ಯಾಪಾರಿ ಜೋಳದ ನುಣ್ಣನೆಯ ಹಿಟ್ಟು ತಂದಿದ್ದ, ಇನ್ನೊಬ್ಬ ಯಾವುದೋ ಗೋಂದು ತಂದಿದ್ದ. ಸಾಹೇಬರು ಧಾರವಾಡದ ಕಡೆಯವರು, ಕನ್ನಡಕದ, ತೆಳ್ಳಗಿನ ಮನುಷ್ಯ. ಎಲ್ಲರ ಪುಡಿಯನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಕಾಸಿಸಿದರು. ಅದರಲ್ಲಿ ನೂಲು ಅದ್ದಿಸಿ ಒಣಗಲು ಕಟ್ಟಿಸಿದರು. ಮಾತು ಕಡಿಮೆ. ನಾಳೆ ಬನ್ನಿ ಎಂದಷ್ಟೇ ಹೇಳಿ ಕಳಿಸಿದರು. ಮರುದಿನ ಹೋದಾಗ ಒಣಗಿದ ಎಳೆಗಳನ್ನು ಒಂದೊಂದಾಗಿ ಎಳೆದು ನೋಡಿ, ಅತ್ತೆಯ ಕಡೆ ತಿರುಗಿ, "ನಿಮ್ಮದು ತಗೋತೇವಿ, ಅವ್ವಾರ" ಎಂದರು.

ಅತ್ತೆ ಮನೆಗೆ ಬರುವ ದಾರಿಯಲ್ಲಿ ಒಂದು ಅಚ್ಚು ಬೆಲ್ಲ ಕೊಂಡು ಓಣಿಯಲ್ಲಿ ಮನೆ ಮನೆಗೂ ಮುರಿದು ಹಂಚಿದರು. ಯಾಕೆಂದು ಕೇಳಿದವರಿಗೆಲ್ಲ, "ಗಿರಣಿಯವರು ನಮ್ಮನ್ನ ಆರಿಸ್ಯಾರ" ಎಂದರು. ಹಿಟ್ಟನ್ನು ಅನ್ನಲಿಲ್ಲ, ನಮ್ಮನ್ನು ಅಂದರು.

ಸ್ವಲ್ಪ ದಿನದಲ್ಲಿ ಓಣಿಯ ಇನ್ನೂ ಕೆಲವು ಹೆಂಗಸರು ಕೂಡಿಕೊಂಡರು. ಬೆಳಗಾದರೆ ಓಣಿಯ ತುಂಬ ಒನಕೆಯ ಸಪ್ಪಳ, ಹುರಿದ ಬೀಜದ ವಾಸನೆ. ನಾವು ಕೊಟ್ಟ ಹಿಟ್ಟಿನ ಗಂಜಿ ಹಚ್ಚಿದ ನೂಲೇ ನನ್ನ ಗಂಡನ ಮಗ್ಗಕ್ಕೂ ಬರುತ್ತಿತ್ತು. ಸಂಜೆ ಅವರು ಬಂದಾಗ ಅಂಗಿಗೆ ಅದೇ ವಾಸನೆ ಇರುತ್ತಿತ್ತು. ಅತ್ತೆ ದಿನಾ ಕೇಳುವರು, "ಹೆಂಗ ಓಡತೈತಿ?" ಅವರು ದಿನಾ, "ಓಡತೈತಿ ಬಿಡವಾ" ಎನ್ನುವರು. ಆ ಮನೆಯಲ್ಲಿ ನಾನು ಕಂಡ ಒಳ್ಳೆಯ ದಿನಗಳು ಎಂದರೆ ಅವೇ. ಬಹಳ ಇರಲಿಲ್ಲ.

ಸಿಪಾಯಿಗಳ ಬಟ್ಟೆಯ ಕೆಲಸ ಬಂದು ಗಿರಣಿ ಹಗಲೂ ರಾತ್ರಿ ನಡೆಯತೊಡಗಿತು. ಹಿಟ್ಟು ಹೆಚ್ಚು ಬೇಕಾಯಿತು. ನಾವು ಹೆಚ್ಚು ಕೊಟ್ಟೆವು. ಆದರೆ ಈಗ ಹುರಿಯುವ ಕೈ ಒಂದಾಗಿರಲಿಲ್ಲ. ಒಂದು ಮನೆಯ ಹಿಟ್ಟು ಕೆನೆಬಣ್ಣ, ಇನ್ನೊಂದು ಮನೆಯದು ಕಂದು. ಒಂದರಲ್ಲಿ ಸಿಪ್ಪೆಯ ಚೂರು. ಮಳೆಗಾಲ ಬಂತು. ಹೆಂಚಿನ ಸಂದಿಯಿಂದ ನೀರು ಸೋರಿ ಚೀಲಗಳಿಗೆ ತಂಪು ಹತ್ತಿತು. ಹಿಟ್ಟು ಗಂಟು ಗಂಟಾಯಿತು. ಸಾಹೇಬರು ಒಮ್ಮೆ ಚೀಲ ಹಿಂದೆ ಕಳಿಸಿದರು. ಎರಡನೆಯ ಸಲ ತಾವೇ ಓಣಿಗೆ ಬಂದು, ಕೊಡೆ ಹಿಡಿದು ನಿಂತು, ನಮ್ಮ ಮಾಡು ನೋಡಿದರು, ಒರಳು ನೋಡಿದರು, ಚೀಲ ಒಟ್ಟಿದ ಮೂಲೆ ನೋಡಿದರು. ಅತ್ತೆ ಚಹಾ ಮಾಡಿಸಿದರು. ಅವರು ಕುಡಿದರು. ಒಂದು ಕಟು ಮಾತೂ ಆಡಲಿಲ್ಲ. ಅವರು ಹೋದ ಮೇಲೆ ಖಾಲಾ, "ಭಾಳ ಛಲೋ ಮನಷ್ಯಾ" ಎಂದಳು.

ಅದಾದ ಕೆಲವೇ ದಿನಕ್ಕೆ ಗಿರಣಿಯವರು ಮತ್ತೆ ನಮೂನೆ ತರಿಸುತ್ತಿದ್ದಾರೆಂದು ಗೊತ್ತಾಯಿತು. ಹತ್ತಿರದ ಬೆಂಗೇರಿಯಲ್ಲಿ ಒಬ್ಬ ಹಿಟ್ಟಿನ ಗಿರಣಿ ಇಟ್ಟಿದ್ದ. ಎಣ್ಣೆಯ ಇಂಜಿನ್ನು, ತಗಡಿನ ದೊಡ್ಡ ಛಾವಣಿ. ಅವನೂ ಹುಣಸೆ ಬೀಜ ಬೀಸಿ ತೋರಿಸಿದ್ದನಂತೆ. ಅತ್ತೆ ತಲೆಯ ಮೇಲೆ ಸೆರಗು ಹೊದ್ದು ನನ್ನನ್ನು ಕರೆದುಕೊಂಡು ಸ್ಟೋರಿಗೆ ಹೊರಟರು.

ಸಾಹೇಬರು ಕುರ್ಚಿ ತೋರಿಸಿದರು. ಅತ್ತೆ ಕೂಡಲಿಲ್ಲ.

"ನಮ್ಮದು ಬ್ಯಾಡಾತೇನ್ರಿ ಸಾಹೇಬ್ರ?"

"ಅವ್ವಾರ, ನಿಮ್ಮ ಹಿಟ್ಟು ಕೆಟ್ಟೈತಿ ಅಂತ ನಾ ಅನ್ನಾಕತ್ತಿಲ್ಲ. ನಿಮ್ಮ ಒಂದು ಚೀಲ ಬಂಗಾರದಂಗ ಇರತೈತಿ. ಮುಂದಿನ ಚೀಲ ಬ್ಯಾರೇನ ಇರತೈತಿ. ನನಗ ಎಲ್ಲಾ ಚೀಲ ಒಂದ ಥರ ಬೇಕು. ಹೇಳಿದ ದಿನಕ್ಕ ಬರಬೇಕು. ಮಳಿ ಬಂದ್ರೂ ಬರಬೇಕು."

"ಇನ್ನ ಮ್ಯಾಲೆ ಎಲ್ಲಾ ನಾನ ಹುರೀತೇನ್ರಿ. ಬ್ಯಾರೆಯವರ ಕೈಯಾಗ ಕೊಡಂಗಿಲ್ಲ."

"ಗಿರಣಿಗೆ ಬೇಕಾದಷ್ಟು ನೀವೊಬ್ಬರ ಹುರಿಯಾಕ ಆಗತೈತೇನ್ರಿ? ನಿಮಗ ಜ್ವರ ಬಂದ್ರ ನಾ ಮಗ್ಗ ನಿಲ್ಲಿಸಬೇಕಾಗತೈತಿ."

ಅತ್ತೆ, "ಅವರ ಕಡೆ ಅರ್ಧಾ, ನಮ್ಮ ಕಡೆ ಅರ್ಧಾ ತಗೋರ್ರಿ" ಎಂದರು.

"ಎರಡು ಹಿಟ್ಟು ಕೂಡಿಸಿದ್ರ ಗಂಜಿ ಹದಕ್ಕ ಬರಂಗಿಲ್ಲ. ನೋಡ್ರಿ, ನೀವ ಹೇಳ್ರಿ." ಸಾಹೇಬರು ಎರಡು ಬಟ್ಟಲು ಮುಂದಿಟ್ಟರು. ಒಂದರಲ್ಲಿ ನಮ್ಮದು, ಒಂದರಲ್ಲಿ ಬೆಂಗೇರಿಯದು.

ಅತ್ತೆ ಬೆಂಗೇರಿಯ ಹಿಟ್ಟನ್ನು ಚಿಟಿಕೆ ತೆಗೆದು ಬೆರಳ ನಡುವೆ ತಿಕ್ಕಿದರು. ಮೂಸಿ ನೋಡಿದರು. ಅವರಿಗೆ ಹಿಟ್ಟು ಗೊತ್ತಿತ್ತು, ಅದು ನಮ್ಮದಕ್ಕಿಂತ ಒಳ್ಳೆಯದೆಂದು ತಿಳಿಯಿತು, ಅದೇ ಕಷ್ಟವಾಯಿತು. ಸಾಹೇಬರು ಮೋಸ ಮಾಡಿದ್ದರೆ, ಅಥವಾ ಲಂಚ ತಿಂದಿದ್ದರೆ, ಮನೆಗೆ ಬಂದು ಬಯ್ದು ಹಗುರಾಗಬಹುದಿತ್ತು. ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಬರ್ತೇವ್ರಿ" ಎಂದರು.

ಓಣಿಯ ತುದಿಯಲ್ಲಿ ಖಾಲಾ ಕಾಯುತ್ತ ನಿಂತಿದ್ದಳು. "ಏನಂದ್ರಕ್ಕಾ?"

"ಮಳಿಗಾಲ ಮುಗೀಲಿ ಅಂದಾರ. ಆಮ್ಯಾಲೆ ಮತ್ತ ತಗೋತಾರಂತ" ಎಂದುಬಿಟ್ಟರು ಅತ್ತೆ.

ನಾನು ಸೊಸೆ. ಅತ್ತೆಯ ಮಾತಿನ ಮೇಲೆ ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಹೆಂಗಸರು ಕುಟ್ಟುತ್ತಲೇ ಇದ್ದರು. ಮಳೆ ನಿಂತ ಕೂಡಲೆ ಕೊಡಬೇಕಲ್ಲ, ಮೊದಲೇ ಮಾಡಿಟ್ಟುಕೊಳ್ಳೋಣ ಎಂದು ಹುರುಪಿನಿಂದ ಕುಟ್ಟಿದರು. ಚೀಲಗಳು ನಮ್ಮ ಒಳಖೋಲಿಯಲ್ಲಿ ಮಾಡಿನವರೆಗೆ ಬಂದವು. ನಾವು ಗಂಡ ಹೆಂಡತಿ ಆ ಚೀಲಗಳ ನಡುವೆ ಚಾಪೆ ಹಾಸಿ ಮಲಗುತ್ತಿದ್ದೆವು. ಅತ್ತೆ ಯಾಕೆ ಹಾಗೆ ಹೇಳಿದರೋ. ಬಹುಶಃ ಹೇಳುತ್ತ ಹೇಳುತ್ತ ತಾವೂ ನಂಬಿದ್ದರು. ದಿನಾ ಬಾಗಿಲಲ್ಲಿ ನಿಂತು ಮುಗಿಲು ನೋಡುತ್ತಿದ್ದರು.

ಒಂದು ಸಂಜೆ ಖಾಲಾ ನಮ್ಮ ಮನೆಯಲ್ಲಿ ಹಿಟ್ಟು ಸೋಸುವ ಸಾಣಿಗೆ ಹಿಡಿದುಕೊಂಡು ಕುಳಿತಿದ್ದಳು. ಗಂಡ ಊಟಕ್ಕೆ ಕುಳಿತಿದ್ದರು. ಅತ್ತೆ ಎಷ್ಟೋ ದಿನಗಳಿಂದ ಬಿಟ್ಟಿದ್ದ ಪ್ರಶ್ನೆಯನ್ನು ಅಂದು ಕೇಳಿದರು.

"ಬೆಂಗೇರಿಯವನ ಗಂಜಿ ಹೆಂಗ ಓಡತೈತೋ?"

ಗಂಡ ತುತ್ತು ಕೈಯಲ್ಲಿ ಹಿಡಿದು ಹಾಗೇ ಕುಳಿತರು. ನಾನು ಅವರ ಮುಖ ನೋಡುತ್ತಿದ್ದೆ. ಸುಳ್ಳು ಹೇಳಲಿ ದೇವರೇ ಎಂದು ಬೇಡಿಕೊಂಡೆ. ನನ್ನ ಗಂಡನಿಗೆ ಸುಳ್ಳು ಬರುತ್ತಿರಲಿಲ್ಲ.

"ಛಲೋ ಓಡತೈತವಾ. ಎಳಿ ಹರಿಯೂದು ಭಾಳ ಕಡಿಮಿ ಆಗೇತಿ. ಈಗ ದಿನಕ್ಕ ಅರಿವಿ ಹೆಚ್ಚು ಬರತೈತಿ." ಆಮೇಲೆ, ತಾಯಿ ಸುಮ್ಮನೆ ಕಾಯಬಾರದೆಂದೋ ಏನೋ, "ಇನ್ನ ಅವನ ಕಡೆನ ಕಾಯಂ ಅಂತ. ಮಳಿಗಾಲ ಮುಗಿದ ಮ್ಯಾಲೆ ನಮಗ ಕೇಳತಾರನ್ನೂ ಆಸಿ ಬಿಡ್ರಿ" ಎಂದರು.

ಖಾಲಾ ಸಾಣಿಗೆ ಕೆಳಗಿಟ್ಟಳು. "ಅಕ್ಕಾ, ನಿನಗ ಮೊದಲ ಗೊತ್ತಿತ್ತೇನು?"

ಅತ್ತೆ ಎದ್ದರು. ಮಗನ ತಟ್ಟೆಯನ್ನು ಎತ್ತಿಕೊಂಡು ಹೋಗಿ ಬಚ್ಚಲಲ್ಲಿಟ್ಟರು. ಗಂಡನ ಊಟ ಇನ್ನೂ ಮುಗಿದಿರಲಿಲ್ಲ. ಗಂಡ ತುತ್ತು ಹಿಡಿದ ಕೈಯನ್ನು ಹಾಗೇ ಮುಂದೆ ಚಾಚಿ ಕುಳಿತಿದ್ದರು.

ಅಂದಿನಿಂದ ಅತ್ತೆ ಮಗನ ಜೊತೆ ಮಾತು ಬಿಟ್ಟರು. ಜಗಳವಿಲ್ಲ, ಬಯ್ಗುಳವಿಲ್ಲ. ಏನಾದರೂ ಹೇಳುವುದಿದ್ದರೆ ನನಗೆ ಹೇಳುವರು. ಗಂಡನೂ ಮನೆಯಲ್ಲಿ ಗಿರಣಿಯ ಸುದ್ದಿ ಎತ್ತುವುದನ್ನು ಬಿಟ್ಟರು. ಮೊದಮೊದಲು ಗಿರಣಿಯದೊಂದನ್ನು ಬಿಟ್ಟರು. ನಂತರ ಎಲ್ಲ ಸುದ್ದಿಯನ್ನೂ ಬಿಟ್ಟರು.

ಚೀಲಗಳಲ್ಲಿ ಹುಳ ಬಿತ್ತು. ಎಮ್ಮೆ ಸಾಕಿದವನೊಬ್ಬ ಸ್ವಲ್ಪ ಒಯ್ದ. ಉಳಿದದ್ದನ್ನು ನಾವೇ ಗಟಾರಕ್ಕೆ ಸುರಿದೆವು. ಮಳೆನೀರು ತಾಗಿ ಅದು ಅಂಟಾಗಿ ಗಟಾರ ಕಟ್ಟಿಕೊಂಡಿತು. ಓಣಿಯವರು ಅದಕ್ಕೂ ಬಯ್ದರು.

ಬೆಂಗೇರಿಯವನಿಗೆ ಬೀಜ ಆರಿಸಲು ಕೂಲಿ ಹೆಂಗಸರು ಬೇಕಾಗಿದ್ದರು. ಮೊದಲು ಹೋದವಳು ಖಾಲಾ. ಹಿಂದಿನ ದಿನ ಬಂದು, "ನಾಳಿಂದ ಹೊಂಟೇನಿ. ಸಿಟ್ಟಾಗಬ್ಯಾಡ ಅಕ್ಕಾ" ಎಂದಳು. "ನಾ ಯಾಕ ಸಿಟ್ಟಾಗ್ಲಿ" ಎಂದರು ಅತ್ತೆ. ದೀಪಾವಳಿ ಕಳೆದ ಮೇಲೆ ಅತ್ತೆಯೂ ಹೊರಟರು, ಜೊತೆಗೆ ನಾನೂ.

ತಗಡಿನ ಛಾವಣಿಯ ಕೆಳಗೆ ಬೀಜ ಹುರಿಯುವ ಕಬ್ಬಿಣದ ಡ್ರಮ್ಮು ಇಂಜಿನ್ನಿನ ಪಟ್ಟಿಗೆ ತಿರುಗುತ್ತಿತ್ತು. ನಾವು ಸಾಲಾಗಿ ಕುಳಿತು ಕಲ್ಲು, ಸಿಪ್ಪೆ ಬಿಡದ ಬೀಜ ಆರಿಸಬೇಕು. ಸಿಪ್ಪೆಯ ಧೂಳು ಮೂಗಿಗೆ, ಗಂಟಲಿಗೆ ಹೋಗುತ್ತಿತ್ತು. ಮೊದಲ ದಿನವೇ ಅತ್ತೆ ಎದ್ದುಹೋಗಿ ಡ್ರಮ್ಮಿನ ಮುಂದೆ ನಿಂತವನಿಗೆ, "ಉರಿ ಹೆಚ್ಚಾತಪಾ, ಸೀದ ವಾಸನಿ ಬರಾಕತ್ತೈತಿ" ಎಂದರು. ಅವನು ನಕ್ಕು, "ನೀವು ಆರಿಸ್ರಿ ಅಜ್ಜೀ, ಇದು ನಾ ನೋಡ್ಕೋತೇನಿ" ಎಂದ. ಹಿಟ್ಟು ಬಿದ್ದಾಗ ಅತ್ತೆ ಹೋಗಿ ಮುಟ್ಟಿ ನೋಡಿದರು. ಚೆನ್ನಾಗಿಯೇ ಇತ್ತು. ಮನೆಗೆ ನಡೆದು ಬರುವಾಗ, "ನನ್ನ ಮೂಗ ಹೋಗೇತಿ ಅನಸ್ತೈತಿ" ಎಂದರು.

ಆ ಧೂಳಿನಲ್ಲಿ ಕುಳಿತು ಅವರಿಗೆ ಕೆಮ್ಮು ಹತ್ತಿತು. ಬಿಡಿ ಎಂದರೆ ಬಿಡಲಿಲ್ಲ. ಹುರಿಯುವವರಾಗಿ ಇದ್ದವರು, ಓಣಿಗೆ ಕೆಲಸ ಹಂಚಿದವರು, ಆರಿಸುವ ಸಾಲಿನಲ್ಲಿ ತಲೆ ಬಗ್ಗಿಸಿ ಕೂತು ಕೆಲಸ ಮಾಡಿ ಬರುತ್ತಿದ್ದರು.

ಯುದ್ಧ ಮುಗಿಯಿತು. ಹಡಗುಗಳು ಮತ್ತೆ ಬರತೊಡಗಿದವು. ಒಂದು ದಿನ ಬೆಂಗೇರಿಯವನು ಹಿಟ್ಟಿನ ಬಂಡಿ ಕಳಿಸಿದರೆ ಗಿರಣಿಯ ಗೇಟಿನಿಂದಲೇ ಅದು ತಿರುಗಿ ಬಂತು. ವಿಲಾಯತಿ ಪುಡಿ ಬಂದಿತ್ತು. ಅದು ಇನ್ನೂ ಬೆಳ್ಳಗೆ, ಇನ್ನೂ ನುಣ್ಣಗೆ. ಆತ ಓಡಿಹೋಗಿ ಸಾಹೇಬರ ಮುಂದೆ ಬಹಳ ಹೊತ್ತು ಕುಳಿತು ಬಂದ. ಬಂದವನೇ ಇಂಜಿನ್ನು ನಿಲ್ಲಿಸಲು ಹೇಳಿದ. ಅಷ್ಟು ದಿನ ಕಿವಿಯಲ್ಲಿ ತುಂಬಿದ್ದ ಸದ್ದು ನಿಂತಾಗ ನಾವೆಲ್ಲ ತಲೆ ಎತ್ತಿ ನೋಡಿದೆವು. ಆತ ನಮ್ಮ ಕಡೆ ನೋಡದೆ, "ನಾಳಿಂದ ಬರಬ್ಯಾಡ್ರಿ" ಎಂದ.

ಹಿಂದಿರುಗುವಾಗ ಖಾಲಾ ಮೆಲ್ಲಗೆ ಕೇಳಿದಳು, "ಖುಷಿ ಆತೇನಕ್ಕಾ?"

"ಇಲ್ಲ" ಎಂದರು ಅತ್ತೆ.

ಮುಂದಿನ ಚಳಿಗಾಲ ಅವರು ದಾಟಲಿಲ್ಲ. ಕೊನೆಯ ದಿನಗಳಲ್ಲಿ ಗಂಡ ಹಾಸಿಗೆಯ ಪಕ್ಕ ಕುಳಿತು ನೀರು ಕುಡಿಸುತ್ತಿದ್ದರು. ಅತ್ತೆ ಕುಡಿಯುತ್ತಿದ್ದರು. ಮಾತು ಇಬ್ಬರಲ್ಲೂ ಹುಟ್ಟಲಿಲ್ಲ. ಒಂದು ಸಲವಾದರೂ ಮಗನೇ ಎಂದು ಕರೆಯುತ್ತಾರೇನೋ ಎಂದು ನಾನು ಬಾಗಿಲಲ್ಲಿ ನಿಂತು ಕಾದೆ. ಕರೆಯಲಿಲ್ಲ.

ಸಿಪಾಯಿಗಳ ಬಟ್ಟೆಯ ಕೆಲಸ ನಿಂತ ಮೇಲೆ ಗಿರಣಿಯಲ್ಲಿ ಒಂದು ಪಾಳಿಯನ್ನೇ ಮುಚ್ಚಿ ಜನರನ್ನು ಕೆಲಸದಿಂದ ತೆಗೆದರು. ಒಂದು ಮಧ್ಯಾಹ್ನ ಗಂಡ ಹೊತ್ತಲ್ಲದ ಹೊತ್ತಿಗೆ ಬಂದು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಗೋಡೆ ಕಡೆ ಮುಖ ಮಾಡಿ ಮಲಗಿದರು. ನನಗೆ ತಿಳಿಯಿತು. ನಾನು ಕೇಳಲಿಲ್ಲ. ಆ ಮನೆಯಲ್ಲಿ ಕೇಳುವ ರೂಢಿ ಹೋಗಿ ವರ್ಷಗಳಾಗಿದ್ದವು. ರೊಟ್ಟಿ ಮಾಡಿ ಪಕ್ಕದಲ್ಲಿಟ್ಟೆ. ಸಂಜೆಯಾದರೂ ಅದು ಅಲ್ಲೇ ಇತ್ತು.

ಆ ಬೇಸಿಗೆಯಲ್ಲಿ ನಾವು ಓಣಿ ಬಿಟ್ಟು ನನ್ನ ಅಣ್ಣನ ಊರಿಗೆ ಹೊರಟೆವು. ಖಾಲಾಳಿಗೆ ಹೇಳಿ ಹೋಗೋಣವೆಂದು ಅವಳ ಮನೆಗೆ ಹೋದರೆ ಬಾಗಿಲಿಗೆ ಬೀಗ ಇತ್ತು. ಅವಳು ಆಗ ಹತ್ತಿ ಕಾರ್ಖಾನೆಗೆ ಕೂಲಿಗೆ ಹೋಗುತ್ತಿದ್ದಳು, ಬರುವುದು ಸಂಜೆಗೆ. ಅಷ್ಟು ಹೊತ್ತು ಕಾಯಲು ಬಂಡಿಯವನು ಒಪ್ಪಲಿಲ್ಲ. ಆಮೇಲೆ ಅವಳನ್ನು ನಾನು ನೋಡಲೇ ಇಲ್ಲ.