ಹುಳ ಸಾಯದ ಸೊಪ್ಪಿನ ರಸ

ನನ್ನ ಹೆಂಡತಿಯ ಕಾಲಿನಲ್ಲಿ ನಾರುಹುಳು ಎದ್ದಾಗ ನಾನು ಕಲಬುರಗಿಯ ಸರ್ಕಾರಿ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದೆ. ನಿಜಾಮರ ಕಾಲ. ಅವಳ ತವರು ಕಮಲಾಪುರ. ಅಲ್ಲಿ ಮೆಟ್ಟಿಲುಬಾವಿಗೆ ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತೇ ಕೊಡ ತುಂಬುತ್ತಿದ್ದರು. ಆ ನೀರು ಕುಡಿದವರಿಗೆ ವರ್ಷದ ಮೇಲೆ ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ದಾರದಂಥ ಬಿಳಿ ಹುಳು ತಲೆ ಹೊರಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಷ್ಟು ಮಾತ್ರ ಎಳೆಯಬೇಕು. ನಡುವೆ ಹರಿದರೆ ಕಾಲೇ ಕೆಡುತ್ತದೆ.

ಹೆಂಡತಿಯ ಅಜ್ಜಿ ಯಾವುದೋ ಸೊಪ್ಪಿನ ರಸ ಕೊಟ್ಟು ಕಳಿಸಿದಳು. ಯಾವ ಸೊಪ್ಪು ಎಂದರೆ ಹೇಳಲೊಲ್ಲಳು. ಹೆಸರು ಬಾಯಿಂದ ಹೊರಬಿದ್ದರೆ ಔಷಧಿಯ ಗುಣ ಹೋಗುತ್ತದೆಯಂತೆ. ಹೆಸರು ಮುಚ್ಚಿಡುವವರು ಇನ್ನೂ ಏನೋ ಮುಚ್ಚಿಡುತ್ತಾರೆ ಎಂದು ನನಗನಿಸಿತು. ಸ್ವತಃ ನೋಡೋಣವೆಂದು ಗಾಡಿ ಹತ್ತಿ ಕಮಲಾಪುರಕ್ಕೆ ಹೋದೆ. ಮುದುಕಿ ನನಗೆ ಬೆನ್ನು ಮಾಡಿ ಕೂತು, ಸೆರಗಿನ ಮರೆಯಲ್ಲಿ ಅರೆದಳು. ಹಿಂಡಿದ ಚರಟವನ್ನೂ ನನ್ನ ಕೈಗೆ ಸಿಗದಂತೆ ಒಲೆಗೆ ಹಾಕಿದಳು. ಇದರಲ್ಲಿ ಮೋಸವಿದೆ ಎಂದು ಅಲ್ಲೇ ತೀರ್ಮಾನಿಸಿದೆ.

ದವಾಖಾನೆಯಲ್ಲಿ ಒಂದು ಖುರ್ದಬೀನು ಇತ್ತು, ಕಣ್ಣಿಗೆ ಕಾಣದ್ದನ್ನು ದೊಡ್ಡದು ಮಾಡಿ ತೋರಿಸುವ ಯಂತ್ರ. ಡಾಕ್ಟರ ಸಾಹೇಬರು ಹಳ್ಳಿಗಳ ತಿರುಗಾಟಕ್ಕೆ ಹೋಗಿದ್ದರು. ಹೆಂಡತಿಯ ಹುಣ್ಣಿನ ಮೇಲೆ ತಣ್ಣೀರು ಬಿಟ್ಟೆ. ಹುಳು ಹಾಲಿನಂಥ ಹನಿ ಕಕ್ಕಿತು. ಅದನ್ನು ಹಿಡಿದು ದವಾಖಾನೆಗೆ ಒಯ್ದು ಖುರ್ದಬೀನಿನಡಿ ನೋಡಿದರೆ ಹನಿಯ ತುಂಬ ಆ ಹುಳುವಿನ ಮರಿಗಳು. ಹನಿಯನ್ನು ಮೂರು ಗಾಜಿನ ಬಟ್ಟಲುಗಳಿಗೆ ಹಂಚಿ, ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಅಜ್ಜಿಯ ರಸ, ಮೂರನೆಯದಕ್ಕೆ ನಾನೇ ಕುದಿಸಿದ ಹೊಗೆಸೊಪ್ಪಿನ ಕಷಾಯ ಹಾಕಿದೆ. ಸಂಜೆಗೆ ನೋಡಿದರೆ ಅಜ್ಜಿಯ ರಸದಲ್ಲಿ ಮರಿಗಳು ನೀರಿನಲ್ಲಿದ್ದಷ್ಟೇ ಸುಖವಾಗಿ ಈಜುತ್ತಿದ್ದವು. ಹೊಗೆಸೊಪ್ಪಿನಲ್ಲಿ ಒಂದೂ ಅಲುಗಲಿಲ್ಲ.

ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಹೆಂಡತಿಯ ಕಾಲಿಗೆ ಮದ್ದು ಸಿಕ್ಕಿತೆಂದಲ್ಲ, ಮುದುಕಿ ಸಿಕ್ಕಿಬಿದ್ದಳೆಂದು. ಮನೆಗೆ ಬಂದವನೇ ರಸದ ಕುಡಿಕೆಯನ್ನು ಬಚ್ಚಲಿಗೆ ಸುರಿದೆ.

"ಅಜ್ಜಿ ಸುಳ್ಳ ಹೇಳಾಕಿ ಅಲ್ರೀ," ಎಂದಳು ಹೆಂಡತಿ.

ಖುರ್ದಬೀನು ಕೂಡ ಸುಳ್ಳು ಹೇಳುವುದಿಲ್ಲ ಎಂದು ಅವಳ ಬಾಯಿ ಮುಚ್ಚಿಸಿ, ಹೊಗೆಸೊಪ್ಪಿನ ಕಷಾಯದಲ್ಲಿ ಬಟ್ಟೆ ಅದ್ದಿ ಕಟ್ಟಿದೆ. ಅವಳಿಗೆ ತಲೆ ಸುತ್ತಿತು, ವಾಂತಿಯಾಯಿತು. ಮದ್ದು ಹತ್ತುತ್ತಿದೆ ಎಂದೆ. ಮೂರನೆಯ ದಿನ ಹುಳು ಜೋತುಬಿದ್ದಿತ್ತು. ಸತ್ತದ್ದಕ್ಕೆ ಇನ್ನೇನು ಕಾಯುವುದೆಂದು ಒಂದೇ ಸಲಕ್ಕೆ ಎಳೆದೆ. ಗೇಣುದ್ದ ಬಂದು ಹರಿಯಿತು. ಉಳಿದದ್ದು ಒಳಗೇ ಹೋಯಿತು.

ಮಾರನೆಯ ದಿನ ಕಾಲು ಕುಂಬಳಕಾಯಿಯಾಯಿತು. ಜ್ವರದಲ್ಲಿ ಅವಳು ತವರಿನವರನ್ನೆಲ್ಲ ಕರೆದಳು, ನನ್ನೊಬ್ಬನನ್ನು ಬಿಟ್ಟು. ಡಾಕ್ಟರ ಸಾಹೇಬರು ಬಂದು ಎರಡು ಕಡೆ ಕುಯ್ದು ಕೀವು ತೆಗೆದರು. ಜೀವ ಉಳಿಯಿತು. ಆದರೆ ಆ ಹಿಮ್ಮಡಿ ಮತ್ತೆ ನೆಲಕ್ಕೆ ಊರಲಿಲ್ಲ.

ಅಷ್ಟಾದರೂ ನನ್ನ ಸಂಶಯ ಸಾಯಲಿಲ್ಲ. ಮೊದಲಿಗೇ ಕೆಲಸ ಮಾಡುವ ಮದ್ದು ಕೊಟ್ಟಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎಂದು ಕಮಲಾಪುರಕ್ಕೆ ಜಗಳಕ್ಕೇ ಹೋದೆ. ನಿನ್ನ ರಸದಲ್ಲಿ ಒಂದು ಮರಿಯೂ ಸಾಯಲಿಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ ಎಂದೆ. ಮುದುಕಿ ಈ ಸಲ ನನ್ನ ಕಡೆ ತಿರುಗಿ ಕೂತಳು.

"ಹುಳ ಸಾಯ್ಲಿ ಅಂತ ನಾ ಯಾವಾಗ ಕೊಟ್ಟೆ, ಅಪ್ಪಾ? ಬಾವು ಇಳದು, ಅದು ಜೀವಂತ ತಾನಾಗಿ ಹೊರಗ ಬರ್ಲಿ ಅಂತ ಕೊಟ್ಟಿದ್ದೆ. ಕಾಲಾಗೇ ಸತ್ರ ಅದರ ಹೆಣ ಯಾರು ಎತ್ತಬೇಕು?"

ಸೊಪ್ಪಿನ ಹೆಸರನ್ನು ಹತ್ತು ಸಲ ಕೇಳಿದ್ದ ನಾನು, ಅದು ಮಾಡುವ ಕೆಲಸವೇನೆಂದು ಒಂದು ಸಲವೂ ಕೇಳಿರಲಿಲ್ಲ.

ಹೆಂಡತಿ ನನ್ನನ್ನು ಎಂದೂ ಬೈಯಲಿಲ್ಲ. ಆದರೆ ಅಂದಿನಿಂದ ನಾನು ಯಾವ ಗುಳಿಗೆ ಕೊಟ್ಟರೂ ಕೂಡಲೇ ನುಂಗುವುದಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಾಳೆ.