ಮಗಳ ಬಾಯ್ಲರ್

ನಮ್ಮ ಮನೆಯವರು ಸಿರುಗುಪ್ಪದ ಒಂದು ರೈಸ್‌ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಭತ್ತ ಬೇಯಿಸಲು ಉಗಿ ಬೇಕು, ಉಗಿಗೆ ಬೆಂಕಿ, ಬೆಂಕಿಗೆ ಹೊಟ್ಟು. ಆ ಹೊಟ್ಟಿನ ಹೊಗೆ ಕುಡಿದೂ ಕುಡಿದೂ ಅವರ ಶ್ವಾಸಕೋಶ ಕೆಟ್ಟಿತು. ಕೆಲಸ ಬಿಟ್ಟು ಬಳ್ಳಾರಿಗೆ ಬಂದೆವು. ಮಗಳು ಆಗಲೇ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದ್ದಳು. ಕಷ್ಟದ ಕಾಲದಲ್ಲಿ ಮೂವರೂ ಒಂದೇ ಸೂರಿನ ಕೆಳಗಿದ್ದೆವಲ್ಲ, ಅದು ಶಿವ ಮಾಡಿದ ಉಪಕಾರ.

ಅವಳ ಸಂಶೋಧನೆ ಹೈಡ್ರೋಜನ್ ಮೇಲೆ. ನಾನು ಅಕ್ಕಿ ಹಸನು ಮಾಡುತ್ತಾ ಕೂತಾಗ ಅವಳೇ ಬಿಡಿಸಿ ಹೇಳಿದ್ದಳು. ಬಿಸಿಲಿನಿಂದ ಬಂದ ಕರೆಂಟನ್ನು ನೀರಿಗೆ ಕೊಟ್ಟರೆ ಹೈಡ್ರೋಜನ್ ಒಂದು ಕಡೆ, ಆಮ್ಲಜನಕ ಒಂದು ಕಡೆ ಬೇರೆಯಾಗುತ್ತವಂತೆ. ಹೈಡ್ರೋಜನ್ನನ್ನು ಕೂಡಿಟ್ಟು, ಬೇಕಾದಾಗ ಒಂದು ಯಂತ್ರದೊಳಗೆ ಮತ್ತೆ ಗಾಳಿಯೊಡನೆ ಕೂಡಿಸಿದರೆ ಕರೆಂಟು ಹುಟ್ಟುತ್ತದೆ. ಹೊಗೆ ಬರುವ ಜಾಗದಲ್ಲಿ ನೀರು ಬರುತ್ತದೆ. ಬಳ್ಳಾರಿಯಲ್ಲಿ ಬಿಸಿಲಿಗೇನು ಬರ ಎಂದು ನಾನು ನಕ್ಕೆ. ಆಮೇಲೆ, ಆ ಆಮ್ಲಜನಕ ಏನಾಗುತ್ತದೆ ಎಂದು ಕೇಳಿದೆ.

ಅವಳು ಒಳಕೋಣೆಯ ಕಡೆ ನೋಡಿ, "ಅದನ್ನ ಹೊರಗ ಬಿಡ್ತೀವಮ್ಮಾ" ಅಂದಳು.

ಒಳಗೆ ಮಂಚದ ಪಕ್ಕದಲ್ಲಿ ಅವಳಪ್ಪನ ಆಕ್ಸಿಜನ್ ಯಂತ್ರ ಗುಯ್‌ಗುಡುತ್ತಿತ್ತು. ಅವರು ಕೇಳಿಸಿಕೊಂಡಿದ್ದರು.

"ಬಿಡೋ ಮುಂದ ನಮ್ಮ ಓಣಿ ಕಡಿ ಮಕಾ ಮಾಡಿ ಬಿಡವ್ವಾ."

ನಾವು ನಕ್ಕೆವು. ನಕ್ಕಿದ್ದಕ್ಕೇ ಅವರಿಗೆ ಕೆಮ್ಮು ಹತ್ತಿತು. ಮಗಳು ಎದ್ದು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವಳ ಆ ಹೈಡ್ರೋಜನ್ ಯಂತ್ರವನ್ನು ಅವರು "ಮಗಳ ಬಾಯ್ಲರ್" ಎಂದೇ ಕರೆಯುತ್ತಿದ್ದರು. ಅದು ನಡೆಯುವುದನ್ನು ಕಣ್ಣಾರೆ ನೋಡಬೇಕು ಎಂಬುದೊಂದೇ ಆಸೆ ಉಳಿದಿತ್ತು. ಮಗಳು ಒಪ್ಪಲಿಲ್ಲ. ಹೈಡ್ರೋಜನ್ ಇರುವ ಕೋಣೆಗೆ ಆಕ್ಸಿಜನ್ ಸಿಲಿಂಡರ್ ಒಯ್ಯುವಂತಿಲ್ಲ, ಮೂಗಿನ ನಳಿಗೆ ತೆಗೆದರೆ ಇವರಿಗೆ ಉಸಿರಿಲ್ಲ. ಸಣ್ಣದೊಂದು ಮಾದರಿಯನ್ನು ಮನೆಗೇ ತರುತ್ತೇನೆ ಎಂದಳು.

"ಬಾಯ್ಲರ್ ಯಾರರ ಮನಿಗೆ ತರ್ತಾರೇನಲೇ? ಅದು ಇದ್ದಲ್ಲಿಗೆ ನಾವು ಹೋಗಬೇಕು" ಅಂದರು.

ಡಾಕ್ಟರು ನಳಿಗೆ ಇಲ್ಲದೆ ತುಸು ಹೊತ್ತಾದರೆ ಸರಿ, ನಡೆಸಬೇಡಿ ಎಂದರು. ಅವಳ ಸಂಶೋಧನೆಯ ಗುರುಗಳೂ ಒಪ್ಪಿದರು. ಆ ದಿನ ಇವರು ಮಡಿ ಅಂಗಿ ತೊಟ್ಟು, ವಿಭೂತಿ ಹಚ್ಚಿಕೊಂಡು ಸಿಲಿಂಡರ್ ಸಮೇತ ಆಟೋ ಹತ್ತಿದರು. ಪ್ರಯೋಗಾಲಯದ ಬಾಗಿಲಿಗೆ ಹೋದ ಮೇಲೆ ಜೇಬಿಗೆ ಕೈಹಾಕಿ ಕರ್ಪೂರ, ಬೆಂಕಿಪೊಟ್ಟಣ ತೆಗೆದರು. ಮಿಲ್ಲಿನಲ್ಲಿ ಕರ್ಪೂರ ಬೆಳಗದೆ ಅವರು ಯಾವ ಸುಗ್ಗಿಗೂ ಬಾಯ್ಲರ್ ಹೊತ್ತಿಸಿದವರಲ್ಲ. ಅಲ್ಲಿದ್ದವರೆಲ್ಲ ನಿಂತಲ್ಲೇ ನಿಂತರು.

"ಅಪ್ಪಾ, ಅದನ್ನ ಅಮ್ಮನ ಕೈಯಾಗ ಕೊಡು. ಇಲ್ಲಿ ಕಿಡಿ ಸೋಕಿದ್ರ ಯಾರೂ ಉಳಿಯಂಗಿಲ್ಲ."

"ದೀಪ ಇಲ್ದ ಪೂಜಿ ಹೆಂಗವ್ವಾ?"

ಹೂವಿಟ್ಟರೆ ಸಾಕು ಎಂದು ಗುರುಗಳು ಸಮಾಧಾನ ಹೇಳಿದರು. ನನ್ನ ಜಡೆಯ ಮಲ್ಲಿಗೆಯಲ್ಲೇ ಒಂದು ಹೂ ಕಿತ್ತು ಕೊಟ್ಟೆ. ಇವರು ನಳಿಗೆ ತೆಗೆದು ನನ್ನ ಕೈಗಿಟ್ಟು, ಅಲ್ಲಿ ತಂದಿಟ್ಟಿದ್ದ ಗಾಲಿಕುರ್ಚಿ ಬೇಡವೆಂದು ಮಗಳ ಹೆಗಲು ಹಿಡಿದು ಒಳಗೆ ನಡೆದರು. ನಾನು ಸಿಲಿಂಡರ್ ಜತೆ ಹೊರಗೆ ಕೂತು ಪಂಚಾಕ್ಷರಿ ಹೇಳಿಕೊಂಡೆ. ಹೊರಬಂದಾಗ ಅವರ ತುಟಿ ನೇರಳೆಯಾಗಿತ್ತು.

ಆಟೋದಲ್ಲಿ ಅರ್ಧ ದಾರಿ ಬಂದ ಮೇಲೆ ಅವರ ಉಸಿರು ತಹಬಂದಿಗೆ ಬಂತು. ಏನು ನೋಡಿದಿರಿ ಎಂದು ಮೆಲ್ಲಗೆ ಕೇಳಿದೆ.

"ಸಣ್ಣ ಫ್ಯಾನು ತಿರುಗಿತು. ಕೆಳಗ ಹನಿ ಹನಿ ನೀರು." ಉಸಿರು ಎಳೆದುಕೊಂಡು, "ಗ್ವಾಡಿ ಎಲ್ಲಾ ಬೆಳ್ಳಗ ಇದ್ವು ನೋಡು, ಒಂಚೂರೂ ಮಸಿ ಇಲ್ಲ" ಅಂದರು.

ಆ ತಿಂಗಳ ಅಮಾವಾಸ್ಯೆ ಅವರು ದಾಟಲಿಲ್ಲ. ಬೆಳಗಿನ ನಿದ್ದೆಯಲ್ಲೇ ಹೋದರು, ಒದ್ದಾಡಲಿಲ್ಲ. ಅಷ್ಟಾದರೂ ಕೊಟ್ಟ ದೇವರು.

ಮಗಳು ಪ್ರಯೋಗಾಲಯಕ್ಕೆ ಹೋಗುವುದನ್ನೇ ಬಿಟ್ಟಳು. ಅವತ್ತು ಹೋಗಿದ್ದಕ್ಕೂ ಸಾವಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು, ನಾನೂ ಹೇಳಿದೆ. "ನಾನು ಬ್ಯಾಡ ಅನ್ನಬೇಕಿತ್ತಮ್ಮಾ" ಎಂಬ ಒಂದೇ ಮಾತು ಅವಳದು. ಗುರುಗಳು ಫೋನು ಮಾಡಿದರೆ ಮಗುಚಿ ಇಡುತ್ತಿದ್ದಳು. ಊಟಕ್ಕೆ ಕೂತರೆ ತಟ್ಟೆಯಲ್ಲಿ ಅನ್ನ ಆರುತ್ತಿತ್ತು.

ಒಂದು ಭಾನುವಾರ ತವರೂರು ಕುರುಗೋಡಿಗೆ ಹೋದೆ. ದೊಡ್ಡ ಬಸವಣ್ಣನ ಮುಂದೆ ಕೂತರೆ ಏನು ಬೇಡಬೇಕೆಂದೇ ತಿಳಿಯಲಿಲ್ಲ. ಹೋದವರನ್ನು ಬೇಡುವಂತಿಲ್ಲ. ಅತ್ತು ಹಗುರಾಗಿ ಬಸ್ಸು ಹತ್ತಿ ಬಂದೆ.

ಸಂಜೆ ಅವಳು ಕತ್ತಲೆಯಲ್ಲೇ ಕೂತಿದ್ದಳು. ಲೈಟು ಹಾಕಿ ಎದುರಿಗೆ ಕೂತೆ.

"ನಿನ್ನ ಬಾಯ್ಲರ್ ನಿಮ್ಮಪ್ಪ ನೋಡಿದ್ರು. ನಾನು ಬಾಗಲದಾಗ ಕುಂತು ಬಂದೆ. ನನಗ್ಯಾರು ತೋರಿಸ್ತಾರವ್ವಾ?"

ಅವಳು ನನ್ನನ್ನೇ ನೋಡಿದಳು. ವೇಲಿನಿಂದ ಮೂಗು ಒರೆಸಿಕೊಂಡಳು.

"ನಾಳಿ ಸೋಮಾರ, ನಿನ್ನ ಉಪಾಸ. ಬಿಸಲಾಗ ತಲಿ ತಿರುಗತೈತಿ ನಿನಗ" ಅಂದಳು. "ಮಂಗಳಾರ ಹೋಗೋಣು."