ಮೆಟ್ಟಿಲ ಕೆಳಗಿನ ಮಂಚ

ಶ್ರೀರಂಗಪಟ್ಟಣದ ಮನೆಯ ಮಹಡಿಯಲ್ಲಿ ಅಣ್ಣ ಹಾಸ್ಟೆಲು ತೆರೆದಾಗ ಬೀದಿಯವರು ಕೇಳಿದ ಮೊದಲ ಪ್ರಶ್ನೆ, ಯಾವ ಜಾತಿಯ ಹುಡುಗರಿಗೆ ಎಂದು. ಜಾತಿಯ ಹಾಸ್ಟೆಲಲ್ಲ, ಬೆನ್ನಿಗೆ ಚೀಲ ಹೊತ್ತು ದೇಶ ಸುತ್ತುವವರಿಗೆ ಎಂದು ಅಣ್ಣ ಎಷ್ಟು ಹೇಳಿದರೂ ಎದುರು ಮನೆಯ ಮುದುಕ ನಂಬಲಿಲ್ಲ. ಒಂದರ ಮೇಲೊಂದು ಕಬ್ಬಿಣದ ಮಂಚ, ಕಿಟಕಿಯಲ್ಲಿ ಕರಿಘಟ್ಟದ ಬೆಟ್ಟ, ಬೆಳಿಗ್ಗೆ ಇಡ್ಲಿ. ಅದೇ ಹಾಸ್ಟೆಲು. ಅದರಲ್ಲಿ ನಾನು ಏನು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ನಮ್ಮದು ಅಕ್ಕಸಾಲಿಗರ ಮನೆ, ಮೂಲ ನಾಗಮಂಗಲ. ನಾನು ಕೆ.ಆರ್. ಪೇಟೆಯ ಒಂದು ಅಂಗಡಿಯಲ್ಲಿ ಓಲೆ, ಉಂಗುರಗಳಿಗೆ ಬೆಸುಗೆ ಹಾಕುತ್ತ ವಯಸ್ಸು ಕಳೆದೆ. ಜನ ಮೈಸೂರಿನ ಗಾಜಿನ ಅಂಗಡಿಗಳಲ್ಲಿ ಸಿದ್ಧ ಒಡವೆ ಕೊಳ್ಳತೊಡಗಿದ ಮೇಲೆ ನಮ್ಮ ಸಾಹುಕಾರರು ಅಂಗಡಿಯನ್ನು ಮೊಬೈಲಿನವರಿಗೆ ಬಾಡಿಗೆಗೆ ಕೊಟ್ಟರು. ಮದುವೆಯೂ ಆಗಿರಲಿಲ್ಲ. ಮದುವೆಯಾದರೆ ಮುಂದೇನು ಎಂದು ಯೋಚಿಸಿ ಮುಗಿಸುವಷ್ಟರಲ್ಲಿ ವಯಸ್ಸೇ ಮುಗಿದಿತ್ತು. ಹಾಗೆ ಅಣ್ಣನ ಮನೆ ಸೇರಿದೆ. ಹಾಸಿಗೆ ಬಟ್ಟೆ ಒಗೆಯುವುದು, ಕಸ ಗುಡಿಸುವುದು, ಇಡ್ಲಿ ಬೇಯಿಸುವುದು, ಟ್ಯಾಂಕಿಗೆ ನೀರು ಬಿಡುವುದು ನನ್ನ ಪಾಲು. ಪ್ರತಿಯಾಗಿ ಮೆಟ್ಟಿಲ ಕೆಳಗೆ ಒಂದು ಮಂಚ, ಹೊತ್ತಿಗೆ ಊಟ. ಊರವರ ಬಾಯಲ್ಲಿ ಇದಕ್ಕೊಂದು ಹೆಸರಿತ್ತು: "ಅಣ್ಣನ್ ಮನೇಲಿ ಬಿದ್ದವ್ನೆ."

ಆಮೇಲೆ ಅವನು ಬಂದ. ನನ್ನದೇ ವಯಸ್ಸಿನ ಬಿಳಿ ಮನುಷ್ಯ, ಯಾವುದೋ ಚಳಿದೇಶದವನು. ದಿನಕ್ಕೆ ಐದು ಗಂಟೆ ಕೆಲಸ ಮಾಡುತ್ತೇನೆ, ಮಲಗಲು ಮಂಚ ಮತ್ತು ಬೆಳಗಿನ ತಿಂಡಿ ಕೊಟ್ಟರೆ ಸಾಕು ಎಂದು ಮೊದಲೇ ಅಣ್ಣನನ್ನು ಒಪ್ಪಿಸಿದ್ದ. ಹೀಗೆ ಹಾಸ್ಟೆಲುಗಳಲ್ಲಿ ದುಡಿದುಕೊಂಡೇ ಅರ್ಧ ಪ್ರಪಂಚ ಸುತ್ತಿದ್ದನಂತೆ. ಇಡೀ ಬೀದಿ ಕರಗಿಹೋಯಿತು.

"ನೋಡ್ಲಾ, ಎಂಥಾ ದೊಡ್ ಮನ್ಸ! ಒಂಚೂರೂ ನಾಚ್ಕೆ ಇಲ್ದೆ ಪೊರ್ಕೆ ಇಡೀತಾನೆ," ಎಂದು ಎದುರು ಮನೆಯ ಮುದುಕ ನನಗೇ ಹೇಳಿದ. ಆಗ ನನ್ನ ಕೈಯಲ್ಲೂ ಪೊರಕೆಯೇ ಇತ್ತು.

ಅಂದಿನಿಂದ ನನ್ನ ನಿದ್ದೆ ಹೋಯಿತು. ನಾನು ಚಿಂತೆ ಮಾಡಲು ಕಾರಣಕ್ಕೆ ಕಾಯುವವನಲ್ಲ. ನಲ್ಲಿಯಲ್ಲಿ ನೀರು ಜೋರಾಗಿ ಬಂದರೆ ನಾಳೆ ನಿಂತೀತು ಎಂದು ಯೋಚಿಸುವವನು. ಈ ಸಲವಂತೂ ಕಾರಣ ಎದುರಿಗೇ ಸಿಳ್ಳೆ ಹಾಕುತ್ತ ನೆಲ ಒರೆಸುತ್ತಿತ್ತು. ನಾನು ಮಾಡುವುದನ್ನೆಲ್ಲ ಅವನೂ ಮಾಡುತ್ತಾನೆ, ಮಧ್ಯಾಹ್ನದ ಊಟ ಕೇಳುವುದಿಲ್ಲ, ಮೇಲಾಗಿ ಇಂಗ್ಲಿಷು. ಹಾಗಾದರೆ ಮೆಟ್ಟಿಲ ಕೆಳಗೆ ನಾನು ಯಾಕೆ?

ಗುಡಿಸುವುದರಲ್ಲೇ ಸೋತೆ. ಅಕ್ಕಸಾಲಿಗರು ಕಸವನ್ನು ಹೊರಕ್ಕೆ ದೂಡುವುದಿಲ್ಲ. ಒಳಮೂಲೆಗೆ ಸೇರಿಸಿ, ಚಿನ್ನದ ಪುಡಿ ಉದುರಿದೆಯೇ ಎಂದು ಕೆದಕಿ ನೋಡಿ ಆಮೇಲೆ ಎತ್ತುತ್ತಾರೆ. ಚಿನ್ನ ನನ್ನನ್ನು ಬಿಟ್ಟು ವರ್ಷಗಳಾದರೂ ಕೈ ಆ ಅಭ್ಯಾಸ ಬಿಟ್ಟಿರಲಿಲ್ಲ. ಅವನೋ ಬಾಗಿಲು ತೆರೆದು ಸರಸರನೆ ಬೀದಿಗೆ ತಳ್ಳಿಬಿಡುತ್ತಿದ್ದ. "ನೀನು ಮದ್ಯಾನ್ದಗಂಟ ಅದೇನ್ ಗುಡುಸ್ತೀಯೋ! ಅವ್ರುನ್ನ ನೋಡಿ ಕಲಿ," ಎಂದರು ಅತ್ತಿಗೆ. ಐದು ಗಂಟೆ ಮುಗಿದ ತಕ್ಷಣ ಅವನು ಕೈ ತೊಳೆದು ಹೊಳೆಯ ಕಡೆ ಹೊರಡುತ್ತಿದ್ದ, ಬಟ್ಟೆ ಅರ್ಧ ಹಿಂಡಿದ್ದರೂ ಸರಿ. ಉಳಿದರ್ಧ ನನ್ನದು.

ಒಂದು ದಿನ ಸ್ನೇಹದಿಂದ ಕೇಳಿದ, ನಿನ್ನದು ದಿನಕ್ಕೆ ಎಷ್ಟು ಗಂಟೆ ಎಂದು. ನನ್ನ ಹರಕು ಇಂಗ್ಲಿಷಿನಲ್ಲಿ, ಗಂಟೆ ಇಲ್ಲ ಎಂದೆ. ಇಲ್ಲಿಂದ ಮುಂದೆ ಎಲ್ಲಿಗೆ ಪ್ರಯಾಣ ಎಂದು ಕೇಳಿದ. ನಾನೂ ಅವನ ಹಾಗೆ ಲೋಕ ಸುತ್ತಲು ಹೊರಟವನೆಂದು ತಿಳಿದಿದ್ದ! ಯೋಚಿಸಿ, ಪಾಂಡವಪುರ ಎಂದೆ. ಅಂದು ಗ್ಯಾಸ್ ಒಲೆ ರಿಪೇರಿಗೆ ಅಲ್ಲಿಗೆ ಹೋಗುವುದಿತ್ತು. "ವಂಡರ್‌ಫುಲ್," ಎಂದ.

ದಸರಾ ರಜೆಯಲ್ಲಿ ಮಂಚಗಳೆಲ್ಲ ತುಂಬಿದ್ದಾಗ, ಬೆಂಗಳೂರಿನಿಂದ ಬಂದಿದ್ದ ಒಬ್ಬ ಹುಡುಗಿಯ ಒಂದು ಕಿವಿಯ ಓಲೆ ಕಾಣೆಯಾಯಿತು. ಅಂದು ಗುಡಿಸಿದ್ದು ಅವನು; ಕಸ ಆಗಲೇ ಬೀದಿ ಸೇರಿತ್ತು. ಚಿನ್ನದ್ದೆಂದು ಹುಡುಗಿ ಅಳುತ್ತಿದ್ದಳು. ಅಣ್ಣ, ಅತ್ತಿಗೆ, ಎದುರು ಮನೆಯ ಮುದುಕ ಎಲ್ಲರೂ ಸೇರಿದರು. ಬಿಳಿಯವನು ಮಂಚಗಳ ಕೆಳಗೆ ತೆವಳಿ ಹುಡುಕಿದ. ಅದನ್ನು ಕಂಡು ಎಲ್ಲರೂ ಪಾಪ ಎಂದರು.

ಹುಡುಗಿಗೆ ಸಮಾಧಾನವಾಗಲೆಂದು ನಾನು ಬಾಯಿ ಬಿಟ್ಟೆ. "ಅಳ್ಬೇಡ ಕಣವ್ವ. ಅದು ಚಿನ್ನ ಅಲ್ಲ, ತಾಮ್ರದ ಮ್ಯಾಲೆ ಚಿನ್ನದ ನೀರು ಹಾಕಿರೋದು. ಕೊಂಡಿ ಅತ್ರ ಆಗ್ಲೇ ಕೆಂಪಗೆ ತಿರುಗಿತ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ಅಣ್ಣ ನಿಧಾನಕ್ಕೆ ಕೇಳಿದ: "ಕೊಂಡಿಯ ಅಷ್ಟು ಅತ್ರದಿಂದ ಯಾವಾಗ್ಲಾ ನೋಡ್ದೆ?"

ಇಡ್ಲಿ ಬಡಿಸುವಾಗ ನೋಡಿದ್ದೆ. ಅಕ್ಕಸಾಲಿಗೆ ಮನುಷ್ಯರ ಮುಖಕ್ಕಿಂತ ಮೊದಲು ಕಿವಿ ಕಾಣುತ್ತದೆ. ಹೀಗೆಂದರೆ ಇನ್ನೂ ಕೆಟ್ಟೀತೆಂದು ಯೋಚಿಸುತ್ತ ನಿಂತೆ. ಯೋಚಿಸುತ್ತ ನಿಂತದ್ದೇ ಒಪ್ಪಿಕೊಂಡಂತಾಯಿತು.

"ಅಕ್ಸಾಲಿ ಅಕ್ಕನ್ ಚಿನ್ನಾನೂ ಬುಡಾಕಿಲ್ಲ ಅಂತ ಸುಮ್ಕೆ ಏಳವ್ರಾ?" ಎಂದು ಮುದುಕ ನಕ್ಕ. ಅಣ್ಣನೂ ಅಕ್ಕಸಾಲಿಯೇ ಎಂಬುದು ಆ ಹೊತ್ತಿಗೆ ಯಾರಿಗೂ ನೆನಪಿರಲಿಲ್ಲ, ಅಣ್ಣನಿಗೂ.

ಯಾರೂ ನನ್ನ ಚೀಲ ತೆಗೆದು ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಮರುದಿನ ಅಣ್ಣ, "ಸೀಜನ್ನು ಮುಗಿಯಗಂಟ ಅಕ್ಕನ್ ಮನೇಲಿರೋಗು. ಆ ಉಡ್ಗಿ ಇಂಟರ್ನೆಟ್ಟಲ್ಲಿ ಏನಾರ ಬರ್ದುಬುಟ್ರೆ ಕಷ್ಟ ಕಣ್ಲಾ," ಎಂದ. ನಾನು ಹಾಸಿಗೆ ಸುತ್ತುತ್ತಿರುವಾಗಲೇ ಅತ್ತಿಗೆ ಬಿಳಿಯವನ ಚೀಲವನ್ನು ಮೆಟ್ಟಿಲ ಕೆಳಗೆ ತಂದಿಟ್ಟರು; ಮೇಲಿನ ಅವನ ಮಂಚಕ್ಕೆ ದುಡ್ಡು ಕೊಡುವ ಗಿರಾಕಿ ಸಿಕ್ಕಿದ್ದ. ಅವನು ಮಾತ್ರ ನನ್ನ ಕೈ ಕುಲುಕಿ, ಒಳ್ಳೆಯ ಪ್ರಯಾಣವಾಗಲಿ ಎಂದು ಹಾರೈಸಿದ.

ಅಕ್ಕನ ಮನೆ ಬಿಂಡಿಗನವಿಲೆಯಲ್ಲಿ. ಸುದ್ದಿ ನನಗಿಂತ ಮೊದಲೇ ತಲುಪಿತ್ತು. "ಬಾರ್ಲಾ ಕಳ್ಳ, ನನ್ ವಾಲೆಯ ರಾಗಿ ಮಡ್ಕೇಲಿ ಬಚ್ಚಿಟ್ಟಿವ್ನಿ, ಮೊದ್ಲೇ ಏಳ್ಬುಡ್ತೀನಿ," ಎಂದು ನಗುತ್ತ ಮುದ್ದೆ ಬಡಿಸಿದಳು. ನಾನೂ ನಕ್ಕೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಅಂಗಳ ಗುಡಿಸಿದೆ, ನೀರು ತುಂಬಿದೆ, ಕುರಿಗಳಿಗೆ ಸೊಪ್ಪು ಹಾಕಿದೆ.

"ಸುಮ್ಕೆ ಕೂತ್ಕೊಳ್ಳಲಾ, ನೆಂಟ ಕಣ್ಲಾ ನೀನು," ಎಂದು ಅಕ್ಕ ಗದರಿದಳು. ನೆಂಟ ಅಂದರೆ ಎಷ್ಟು ದಿನ ಎಂದು ಕೇಳುವ ಧೈರ್ಯವಾಗಲಿಲ್ಲ.

ರಜೆ ಕಳೆದ ಮೇಲೆ ಅಣ್ಣನ ಫೋನು ಬಂತು. "ಅವ್ನು ಒಂಟೋದ ಕಣ್ಲಾ, ಗೋಕರ್ಣಕ್ಕಂತೆ. ಇಲ್ಲಿ ಬಟ್ಟೆ ಗುಡ್ಡೆ ಬಿದ್ದದೆ. ನಾಳೀಕೆ ಬಂದ್ಬುಡು." ಓಲೆಯ ಸುದ್ದಿಯೇ ಇಲ್ಲ.

ಈ ಫೋನಿಗೆಂದೇ ನಾನು ಕುರಿಗಳ ಮುಂದೆ ಮಾತು ಅಭ್ಯಾಸ ಮಾಡಿಟ್ಟುಕೊಂಡಿದ್ದೆ. ಉಸಿರು ಕಟ್ಟಿ ಹೇಳಿಬಿಟ್ಟೆ: "ಬತ್ತೀನಿ ಅಣ್ಣ. ದಿನಕ್ಕೆ ಐದು ಗಂಟೆ. ಮಂಚ ರೂಮೊಳಗೆ. ಆಮ್ಯಾಕೆ, ನಾನು ಕದ್ದಿಲ್ಲ ಅಂತ ನೀನು ಆ ಮುದುಕನ್ ಮುಂದೆ ಏಳ್ಬೇಕು."

ಅಣ್ಣ ನಕ್ಕ. ಸಿಟ್ಟಿನ ನಗೆಯಲ್ಲ, ನಿಜವಾಗಿ ಖುಷಿಪಟ್ಟವನ ನಗೆ. "ಅಯ್ಯೋ ನಿನ್ನ! ಐದು ಗಂಟೆಯಂತೆ ಕಣೇ," ಎಂದು ಅತ್ತಿಗೆಗೂ ಹೇಳಿದ, ಅವರೂ ನಕ್ಕರು. "ಲೇ, ಅವ್ನಿಗೆ ಓಗಾಕೆ ದೇಶ ಅವೆ, ಅದ್ಕೆ ಗಂಟೆ ಲೆಕ್ಕ ಏಳ್ತಾನೆ. ನೀನೆಲ್ಲಿಗ್ಲಾ ಓಗ್ತೀಯ?" ನಗು ಇಳಿದ ಮೇಲೆ ಎಂದ: "ಬರೋವಾಗ ಅಕ್ಕನ್ ತೋಟದಿಂದ ಕಾಯಿ ತತ್ತಾ. ಚಟ್ನಿಗಿಲ್ಲ."

ಏನು ಹೇಳಬೇಕೆಂದು ನಾನಿನ್ನೂ ಯೋಚಿಸುತ್ತಿದ್ದೆ. ಬಾಯಿ ಕಾಯಲಿಲ್ಲ.

"ಎಷ್ಟು ತರ್ಲಿ?" ಎಂದಿತು.